ಕಿರ್ದಿಯಿಂದ ಖಾತೆಗೆ: ನಮಗಾಗಿ ನಾವೇ ಬರೆದುಕೊಳ್ಳುವ ಪ್ರವೇಶಿಕೆ

ಕಳೆದ ಮಳೆಗಾಲದಲ್ಲಿ ಹರಿಹರದ ನನ್ನ ಅಕ್ಕನ ಮಗ ದಾವಣಗೆರೆಯ ನಮ್ಮ ಮನೆಗೆ ಬಂದಿದ್ದ. ಬೆಳಿಗ್ಗೆ ಪತ್ರಿಕೆಯಲ್ಲಿದ್ದ ಜಲಾಶಯಗಳ ಪಟ್ಟಿಯ ಮೇಲೆ ಬೆರಳಿಟ್ಟು, ‘ಮಾವ, ಒಂದು ಟಿಎಂಸಿ ಎಂದರೆ ಎಷ್ಟು ನೀರು?’ ಎಂದು ಕೇಳಿದ. ‘ಸಾವಿರ ಮಿಲಿಯನ್ ಘನ ಅಡಿ’ ಎಂದೆ. ‘ಅದು ಹೆಸರಿನಲ್ಲೇ ಇದೆಯಲ್ಲ. ಎಷ್ಟು ನೀರು ಎಂದು ಹೇಳಿ’ ಎಂದ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಉತ್ತರ ಗೊತ್ತಿಲ್ಲದಾಗ ನಾನು ಮಾಡುವ ಕೆಲಸ ಅದು.

ನಾಚಿಕೆಯ ಸಂಗತಿ ಏನೆಂದರೆ, ಭದ್ರಾ ನೀರಿನ ಬಗ್ಗೆ ನನ್ನ ಸಂಗ್ರಹದಲ್ಲಿ ಒಂದು ಇಡೀ ಕಡತವಿದೆ. ಪತ್ರಿಕೆಯ ತುಣುಕುಗಳು, ಮೊಬೈಲ್‌ನಲ್ಲಿ ಉಳಿಸಿಟ್ಟ ಲೇಖನಗಳು, ನಾಲೆಗೆ ನೀರು ಬಿಡುವ ವಿಷಯ ಬಿಸಿಯಾಗಿದ್ದಾಗ ಯಾರೋ ಹೇಳಿದ್ದನ್ನು ಬಸ್ ಟಿಕೆಟ್ ಹಿಂದೆ ಗೀಚಿಕೊಂಡದ್ದು, ಎಲ್ಲವೂ ಅದರಲ್ಲಿವೆ. ಕೂಡಿಟ್ಟದ್ದು ಬೇಕಾದಷ್ಟು, ಬೇಕಾದಾಗ ಕೈಗೆ ಬಂದದ್ದು ಏನೂ ಇಲ್ಲ. ಆ ದಿನ ಮಧ್ಯಾಹ್ನ ಕುಳಿತು ಒಂದು ಪುಟ ಬರೆದೆ. ಅಂಥ ಪುಟಕ್ಕೆ ನಾನು ಪ್ರವೇಶಿಕೆ ಎನ್ನುತ್ತೇನೆ. ಪದ ಸ್ವಲ್ಪ ಪಠ್ಯಪುಸ್ತಕದ ವಾಸನೆ ಹೊಡೆಯುತ್ತದೆ, ನಿಜ. ಆದರೆ ‘ಪರಿಚಯ ಟಿಪ್ಪಣಿ’ ಎಂದರೆ ಮದುವೆಗೆ ಜಾತಕದ ಜೊತೆ ಕಳುಹಿಸುವ ಹಾಳೆಯಂತೆ ಕೇಳಿಸುತ್ತದೆ.

ಪ್ರವೇಶಿಕೆ ಎಂದರೇನು ಎಂಬುದನ್ನು ನಮ್ಮ ಅಪ್ಪನ ಕೆಲಸದಿಂದ ವಿವರಿಸುವುದು ಸುಲಭ. ಅವರು ಇಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ದಿನವೂ ಸಂಜೆ ಕಿರ್ದಿ ಬರೆಯುತ್ತಿದ್ದರು: ಯಾರ ಮೆಕ್ಕೆಜೋಳ ಎಷ್ಟು ಚೀಲ ಬಂತು, ಯಾರಿಗೆ ಎಷ್ಟು ಮುಂಗಡ ಹೋಯಿತು, ಹಮಾಲಿ ಎಷ್ಟು, ಎಲ್ಲವೂ ಬಂದ ಕ್ರಮದಲ್ಲಿ. ಆಮೇಲೆ ಬಿಡುವು ನೋಡಿ ಅದನ್ನು ಖಾತೆಗೆ ಎಳೆಯುತ್ತಿದ್ದರು. ಒಬ್ಬೊಬ್ಬ ರೈತನಿಗೆ ಒಂದೊಂದು ಪುಟ. ಜಗಳೂರಿನ ರೈತನೊಬ್ಬ ಅಂಗಡಿಗೆ ಬಂದು ‘ನನ್ನ ಲೆಕ್ಕ ಎಷ್ಟಾಯಿತು’ ಎಂದರೆ ಮುನ್ನೂರು ದಿನಗಳ ಕಿರ್ದಿ ತಿರುವಿ ಹಾಕುವುದಕ್ಕೆ ಆಗುತ್ತದೆಯೇ? ಖಾತೆಯ ಒಂದು ಪುಟ ತೆರೆದರೆ ಸಾಕು. ಕಿರ್ದಿಯಲ್ಲಿ ದಿನ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ ಎನ್ನುತ್ತಿದ್ದರು ಅಪ್ಪ.

ನಮ್ಮಲ್ಲಿ ಟಿಪ್ಪಣಿ ಇಟ್ಟುಕೊಳ್ಳುವ ಬಹುತೇಕರು ಕಿರ್ದಿಯಷ್ಟನ್ನೇ ಬರೆಯುತ್ತೇವೆ. ಓದಿದ್ದು, ಕೇಳಿದ್ದು, ಯಾರೋ ಕಳುಹಿಸಿದ್ದು, ಎಲ್ಲ ಬಂದ ಕ್ರಮದಲ್ಲಿ ಗುಡ್ಡೆ ಬೀಳುತ್ತದೆ. ಖಾತೆಗೆ ಎಳೆಯುವ ಕೆಲಸ ಯಾರಿಗೂ ಇಷ್ಟವಿಲ್ಲ. ಪ್ರವೇಶಿಕೆ ಎಂದರೆ ಒಂದು ವಿಷಯದ ಖಾತೆ ಪುಟ. ಮೂರು ವರ್ಷ ಬಿಟ್ಟು ಆ ವಿಷಯಕ್ಕೆ ಮರಳಿ ಬರುವವನು, ಅಂದರೆ ನಾನೇ, ಮೊದಲು ಓದಬೇಕಾದ ಒಂದು ಪುಟ. ಅದು ವಿಶ್ವಕೋಶದ ನಮೂದಲ್ಲ. ವಿಶ್ವಕೋಶಕ್ಕೆ ತನ್ನನ್ನು ಯಾರು ಓದುತ್ತಾರೆ ಎಂದು ಗೊತ್ತಿರುವುದಿಲ್ಲ, ಆದ್ದರಿಂದ ಅದು ಎಲ್ಲರಿಗೂ ಎಲ್ಲವನ್ನೂ ಹೇಳಬೇಕು. ಇಲ್ಲಿ ಓದುಗ ಒಬ್ಬನೇ. ಅವನು ಲೆಕ್ಕದಲ್ಲಿ ಚುರುಕು, ರಸಾಯನಶಾಸ್ತ್ರದಲ್ಲಿ ದಡ್ಡ, ಹೆಸರು ಮರೆಯುವವನು ಎಂಬುದೆಲ್ಲ ನನಗೆ ಚೆನ್ನಾಗಿ ಗೊತ್ತು. ಆ ಅನುಕೂಲವನ್ನು ಬಿಟ್ಟುಕೊಟ್ಟು ಪತ್ರಿಕೆಗೆ ಬರೆಯುವವನಂತೆ ಗಂಭೀರವಾಗಿ ಬರೆಯತೊಡಗಿದರೆ ಪ್ರವೇಶಿಕೆ ಅಲ್ಲಿಗೇ ಕೆಟ್ಟಿತು.

ಟಿಪ್ಪಣಿಯ ಮಾತು ಬಂದಾಗ ಎಲ್ಲರೂ ಹೆಸರಿಸುವ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಸುಮಾರು 90,000 ಚೀಟಿಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದರು. ಈ ಸಂಖ್ಯೆ ಕೇಳಿ ಜನ ಬೆರಗಾಗುತ್ತಾರೆ. ನನಗೆ ಬೆರಗಾದದ್ದು ಅವರ ಪದಸೂಚಿ. ಒಂದು ಪದದ ಮುಂದೆ ಅದಕ್ಕೆ ಸಂಬಂಧಿಸಿದ ಎಲ್ಲ ಚೀಟಿಗಳ ಸಂಖ್ಯೆ ಬರೆಯದೆ ಕೆಲವನ್ನಷ್ಟೇ ಬರೆಯುತ್ತಿದ್ದರು. ಒಳಗೆ ಕಾಲಿಡುವುದಕ್ಕೆ ಒಂದೆರಡು ಬಾಗಿಲು ಗೊತ್ತಾದರೆ ಸಾಕು, ಉಳಿದದ್ದಕ್ಕೆ ಚೀಟಿಯಿಂದ ಚೀಟಿಗೆ ದಾರಿ ಇದ್ದೇ ಇತ್ತು. ನಮ್ಮಂಥವರ ಸಂಗ್ರಹದಲ್ಲಿ ಚೀಟಿಯಿಂದ ಚೀಟಿಗೆ ಅಂಥ ದಾರಿ ಇರುವುದಿಲ್ಲವಾದ್ದರಿಂದ ಬಾಗಿಲನ್ನಾದರೂ ಸರಿಯಾಗಿ ಮಾಡಿಕೊಳ್ಳಬೇಕು.

ಬರೆಯುವುದು ಯಾವಾಗ? ವಿಷಯ ಪೂರ್ತಿ ತಿಳಿದ ಮೇಲೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ತಪ್ಪು. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡೊಂದರ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಅದು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಎಂದು ತಟ್ಟುವವರು ಅಂದಾಜಿಸಿದ್ದರು. 120 ಹಾಡುಗಳಲ್ಲಿ ಕೇಳುವವರು ಗುರುತಿಸಿದ್ದು ಮೂರನ್ನು. ತಟ್ಟುವವರ ತಲೆಯೊಳಗೆ ಹಾಡು ಮೊಳಗುತ್ತಿತ್ತು, ಕೇಳುವವರಿಗೆ ಟಕ್ ಟಕ್ ಅಷ್ಟೇ. ನಂಬಿಕೆ ಬರದಿದ್ದರೆ ನಿಮ್ಮ ಮನೆಯಲ್ಲೇ ನಾಡಗೀತೆಯನ್ನು ಊಟದ ಮೇಜಿನ ಮೇಲೆ ತಟ್ಟಿ ನೋಡಿ.

ಬಲ್ಲವನಿಗೆ ಬಾರದವನ ಕಷ್ಟ ಮರೆತುಹೋಗುತ್ತದೆ, ಒಮ್ಮೆ ಮರೆತರೆ ಮತ್ತೆ ನೆನಪಾಗುವುದಿಲ್ಲ. ಆದ್ದರಿಂದ ಪ್ರವೇಶಿಕೆಗೆ ಒಳ್ಳೆಯ ಗಳಿಗೆ ವಿಷಯ ಅರ್ಥವಾದ ಒಂದೆರಡು ದಿನಗಳ ಒಳಗೆ ಬರುತ್ತದೆ. ಆಗ ಅರ್ಥವೂ ಆಗಿರುತ್ತದೆ, ಎಲ್ಲಿ ಮುಗ್ಗರಿಸಿದೆ ಎಂಬುದೂ ನೆನಪಿರುತ್ತದೆ. ಮುಗ್ಗರಿಸಿದ ಆ ಜಾಗಗಳೇ ಪುಟದ ಜೀವ.

ಟಿಎಂಸಿಯ ಪುಟಕ್ಕೆ ಬರುತ್ತೇನೆ. ಮೊದಲ ಬಾರಿ ಬರೆದಾಗ ಅದು ಹೀಗೆ ಶುರುವಾಯಿತು: ‘ಟಿಎಂಸಿ ಎಂಬುದು ಜಲಾಶಯಗಳ ನೀರಿನ ಪರಿಮಾಣವನ್ನು ಸೂಚಿಸಲು ಬಳಸುವ ಏಕಮಾನವಾಗಿದ್ದು...’ ಓದಿದ ಹುಡುಗ ಏನೂ ಹೇಳಲಿಲ್ಲ, ಪುಟವನ್ನು ನನ್ನ ಕಡೆ ತಳ್ಳಿದ. ಸರಿ ಎನ್ನಿಸಿತು. ‘ಆಗಿದ್ದು’ ಎಂದು ಶುರುವಾಗುವ ವಾಕ್ಯ ಎಲ್ಲೋ ಓದಿದ್ದನ್ನು ಒಪ್ಪಿಸುತ್ತಿರುತ್ತದೆ. ಎರಡನೆಯ ಸಲ ಬರೆದದ್ದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ:

‘ಪ್ರಶ್ನೆ: ಪತ್ರಿಕೆಯ ಜಲಾಶಯ ಪಟ್ಟಿಯನ್ನು ಓದುವುದು ಹೇಗೆ? ಪಟ್ಟಿಯಲ್ಲಿ ಮೂರು ಬಗೆಯ ಅಂಕಿಗಳಿರುತ್ತವೆ. ಅಡಿ ಎಂದರೆ ನೀರು ಎಲ್ಲಿಯವರೆಗೆ ಏರಿದೆ ಎಂಬುದು. ಟಿಎಂಸಿ ಎಂದರೆ ಕೈಯಲ್ಲಿರುವ ಶಿಲ್ಕು. ಕ್ಯುಸೆಕ್ ಎಂದರೆ ಜಮಾ–ಖರ್ಚು. ಒಳಹರಿವು ಜಮಾ, ಹೊರಹರಿವು ಖರ್ಚು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್, ಎಣಿಸುವುದಾದರೆ ಪ್ರತಿ ಸೆಕೆಂಡಿಗೆ ಎರಡು ಕೊಡ ನೀರು. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಹನ್ನೊಂದೂವರೆ ಸಾವಿರ ಎಂದು ನೆನಪಿಡು. ಒಳಹರಿವು 23 ಸಾವಿರ ಎಂದಿದ್ದರೆ ದಿನಕ್ಕೆ ಎರಡು ಟಿಎಂಸಿ ಜಮಾ. ಒಂದು ಟಿಎಂಸಿ ನೀರನ್ನು ಹೊಲದಲ್ಲಿ ಒಂದು ಅಡಿ ಆಳಕ್ಕೆ ನಿಲ್ಲಿಸಿದರೆ ಸುಮಾರು 23 ಸಾವಿರ ಎಕರೆ ಮುಚ್ಚುತ್ತದೆ. ಭದ್ರಾ ತುಂಬಿದರೆ 71.5 ಟಿಎಂಸಿ, ವಾಣಿವಿಲಾಸ ಸಾಗರ ತುಂಬಿದರೆ 30.

‘ಎಚ್ಚರ ಒಂದು: ಒಂದು ಅಣೆಕಟ್ಟಿನ ಅಡಿಯನ್ನು ಇನ್ನೊಂದರ ಅಡಿಯೊಂದಿಗೆ ಹೋಲಿಸಬೇಡ. ಭದ್ರಾದ 186 ಅಡಿ ಅಲ್ಲಿಯ ನದಿಪಾತ್ರದಿಂದ ಎಣಿಸಿದ್ದು, ಹೊಸಪೇಟೆಯ ತುಂಗಭದ್ರಾದ 1,633 ಅಡಿ ಸಮುದ್ರಮಟ್ಟದಿಂದ ಎಣಿಸಿದ್ದು. ಎಚ್ಚರ ಎರಡು: ಅರ್ಧ ಎತ್ತರ ಎಂದರೆ ಅರ್ಧ ನೀರಲ್ಲ. ಜಲಾಶಯ ಲಾಳಿಕೆಯಂತೆ, ಕೆಳಗೆ ಕಿರಿದು, ಮೇಲೆ ಅಗಲ. ಮೇಲಿನ ಹತ್ತು ಅಡಿಯಲ್ಲಿ ಇರುವಷ್ಟು ನೀರು ಕೆಳಗಿನ ಹತ್ತು ಅಡಿಯಲ್ಲಿ ಇರುವುದಿಲ್ಲ. ಮುಂದೆ ನೋಡು: ಡೆಡ್ ಸ್ಟೋರೇಜ್, ನಾಲೆಯ ಸರದಿ, ಭದ್ರಾ ಮೇಲ್ದಂಡೆ.’

ಇಷ್ಟೇ. ಇದರಲ್ಲಿ ನಾನು ಅತ್ಯಂತ ಹೆಚ್ಚು ಹೊತ್ತು ಕಳೆದದ್ದು ಲಾಳಿಕೆಯ ಮೇಲೆ. ನೀರಿನ ಎತ್ತರಕ್ಕೂ ಮೊತ್ತಕ್ಕೂ ನೇರ ಸಂಬಂಧವಿಲ್ಲ ಎಂದು ನಾನು ಎಷ್ಟೋ ಸಲ ಓದಿದ್ದೆ, ಅದು ತಲೆಯಲ್ಲಿ ನಿಂತಿರಲಿಲ್ಲ. ಅಡುಗೆಮನೆಯ ಸ್ಟೀಲ್ ಲಾಳಿಕೆಯ ಮೂತಿಯನ್ನು ಚಪಾತಿ ಹಿಟ್ಟಿನಿಂದ ಮುಚ್ಚಿ, ಔಷಧದ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳದಿಂದ ನೀರು ಹೊಯ್ಯುತ್ತ ಇಬ್ಬರೂ ಎಣಿಸಿದೆವು. ಅರ್ಧ ಎತ್ತರಕ್ಕೆ ಬೇಗ ತಲುಪಿತು. ಅಲ್ಲಿಂದ ಅಂಚಿನವರೆಗೆ ಎಷ್ಟು ಹೊಯ್ದರೂ ಮುಗಿಯದು. ಶಂಕುವಿನ ಆಕಾರದಲ್ಲಿ ಅರ್ಧ ಎತ್ತರದವರೆಗೆ ಹಿಡಿಯುವುದು ಒಟ್ಟು ನೀರಿನ ಎಂಟರಲ್ಲಿ ಒಂದು ಪಾಲು ಮಾತ್ರ ಎಂಬುದು ಶಾಲೆಯ ಗಣಿತ. ನಿಜವಾದ ಕಣಿವೆ ಅಷ್ಟು ಅಚ್ಚುಕಟ್ಟಾದ ಶಂಕುವಲ್ಲ, ಲೆಕ್ಕ ಸ್ವಲ್ಪ ಆಚೀಚೆಯಾಗುತ್ತದೆ. ಆದರೆ ‘ಇನ್ನು ಹತ್ತೇ ಅಡಿ ಬಾಕಿ’ ಎಂಬ ಸುದ್ದಿ ಓದಿದಾಗ ಆ ಹತ್ತು ಅಡಿ ಎಷ್ಟು ದೊಡ್ಡದು ಎಂಬುದು ಈಗ ಕೈಗೆ ಗೊತ್ತು. ಹಿಟ್ಟು ಹಾಳು ಮಾಡಿದ್ದಕ್ಕೆ ಮನೆಯಾಕೆಯಿಂದ ಬೈಗುಳವೂ ಬಿತ್ತು.

ಬಿಟ್ಟದ್ದು ಏನು ಎಂಬುದೂ ಮುಖ್ಯ. ಆವಿಯಾಗಿ ಹೋಗುವ ನೀರು, ಕ್ರಸ್ಟ್ ಗೇಟುಗಳು, ಟ್ರಿಬ್ಯುನಲ್ ತೀರ್ಪು, ಇವೆಲ್ಲ ನನಗೆ ಗೊತ್ತಿದ್ದವು, ಗೊತ್ತಿದೆ ಎಂಬ ಕಾರಣಕ್ಕೇ ಬರೆಯಲು ಕೈ ತುರಿಸುತ್ತಿತ್ತು. ಪಟ್ಟಿ ಓದುವುದಕ್ಕೆ ಅವು ಬೇಕಿಲ್ಲ. ಡೆಡ್ ಸ್ಟೋರೇಜ್ ಬೇಕು, ಏಕೆಂದರೆ ಜಲಾಶಯದ ತಳದ ಒಂದಿಷ್ಟು ನೀರನ್ನು ನಾಲೆಗೆ ಹರಿಸಲು ಆಗುವುದಿಲ್ಲ. ಶಿಲ್ಕಿನಲ್ಲಿ ಮುರಿಯಲಾಗದ ಠೇವಣಿ ಇದ್ದಂತೆ. ಆದರೆ ಅದಕ್ಕೆ ಅದರದೇ ಪುಟ ಇರಲಿ ಎಂದು ಹೆಸರಷ್ಟೇ ಬರೆದು ಬಿಟ್ಟೆ. ಹೊಸಬನೊಬ್ಬ ಮೊದಲ ಓದಿನಲ್ಲಿ ಎರಡು ಎಚ್ಚರಕ್ಕಿಂತ ಹೆಚ್ಚು ಹೊರಲಾರ. ಮೂರು ವರ್ಷದ ನಂತರ ನಾನೂ ಹೊಸಬನೇ.

ಉಳಿದೆಲ್ಲಕ್ಕಿಂತ ಕಷ್ಟದ್ದು ಪ್ರಶ್ನೆಯನ್ನು ಆರಿಸುವುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಗ್ಗೆ ನಾನು ಬರೆದ ಮೊದಲ ಪ್ರವೇಶಿಕೆ ಸತ್ತ ಹಾವಿನಂತೆ ಬಿದ್ದಿತ್ತು: ಅಶೋಕನ ಕಿರು ಬಂಡೆಶಾಸನ, ಕ್ರಿಸ್ತಪೂರ್ವ 3ನೇ ಶತಮಾನ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಒಂದೂ ಸುಳ್ಳಲ್ಲ, ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಆಮೇಲೆ ಒಮ್ಮೆ ಆ ಬಂಡೆಯ ಮುಂದೆ ನಿಂತಾಗ ನನಗೆ ನಿಜವಾಗಿ ಹುಟ್ಟಿದ ಪ್ರಶ್ನೆ ಬೇರೆ: ಈ ಕಾಡುಗಲ್ಲಿನ ಮೇಲೆ ಇದನ್ನು ಯಾರು ಯಾರಿಗೆ ಬರೆದರು? ಉತ್ತರ ಹುಡುಕಿದರೆ ಇಡೀ ವಿಷಯ ತೆರೆದುಕೊಂಡಿತು. ಅದು ಒಂದು ಸುತ್ತೋಲೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರು ಎಂಬ ಹಿರಿಯ ಅಧಿಕಾರಿಗಳ ಮೂಲಕ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಬಂದದ್ದು. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ, ಅದೂ ಮೊದಲು ಕ್ಷೇಮ ಕೇಳಿ ನಂತರ ವಿಷಯಕ್ಕೆ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ‘ಲಿಪಿಕಾರ’ ಎಂಬ ಅರ್ಥದ ಪದವನ್ನು ಮಾತ್ರ ಆತ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಲಿಪಿ ಬಳಕೆಯಲ್ಲಿದ್ದದ್ದು ಭಾರತ ಉಪಖಂಡದ ವಾಯವ್ಯ ಮೂಲೆಯಲ್ಲಿ. ಗುಮಾಸ್ತನ ಮಗನಾದ ನನಗೆ ಆ ಒಂದು ಪದ ಎಷ್ಟು ಹತ್ತಿರವಾಯಿತೆಂದರೆ, ಶತಮಾನ, ಲಿಪಿ, ರಾಜ ಎಲ್ಲವೂ ಅದಕ್ಕೆ ಅಂಟಿಕೊಂಡು ನೆನಪಿನಲ್ಲಿ ಉಳಿದವು. ಈಗಿನ ಪುಟ ಶುರುವಾಗುವುದು ಹೀಗೆ: ‘ಇದು ಒಂದು ಸರ್ಕಾರಿ ಸುತ್ತೋಲೆ.’

ಇನ್ನು ಕನ್ನಡದಲ್ಲಿ ಸಂಗ್ರಹ ಇಟ್ಟುಕೊಳ್ಳುವವರಿಗೆ ಮಾತ್ರ ಇರುವ ಕೆಲವು ತಾಪತ್ರಯಗಳು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಉಳಿಸಿದ ಕಡತಗಳು ಇಂದು ಹುಡುಕಾಟಕ್ಕೆ ಸಿಗುವುದಿಲ್ಲ. ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕಗಳಿವೆ, ಒಂದು ಭಾನುವಾರ ಕುಳಿತು ಮುಗಿಸಿಬಿಡಿ. ಇನ್ನೊಂದು ಸೂಕ್ಷ್ಮ: ನಾನು ಬಳಸುವ ತಂತ್ರಾಂಶದಲ್ಲಿ ‘ಅಣೆಕಟ್ಟು’ ಎಂದು ಹುಡುಕಿದರೆ ‘ಅಣೆಕಟ್ಟಿನ’, ‘ಅಣೆಕಟ್ಟೆ’ ಎಂದಿರುವ ಪುಟಗಳು ಸಿಗುವುದಿಲ್ಲ. ವಿಭಕ್ತಿ ಸೇರಿದ ಕೂಡಲೇ ನಮ್ಮ ಪದಗಳ ಬಾಲ ಬದಲಾಗುತ್ತದೆ. ಬಾಲದ ಉಕಾರ ತೆಗೆದು ‘ಅಣೆಕಟ್ಟ’ ಎಂದಷ್ಟೇ ಕೊಟ್ಟರೆ ಎಲ್ಲವೂ ಬಲೆಗೆ ಬೀಳುತ್ತವೆ. ಕಾಗುಣಿತದ ಗೋಳು ಬೇರೆ. ಕ್ಯುಸೆಕ್, ಕ್ಯೂಸೆಕ್, ಕ್ಯುಸೆಕ್ಸ್ ಎಂದು ಒಂದೊಂದು ಪತ್ರಿಕೆ ಒಂದೊಂದು ರೀತಿ ಬರೆಯುತ್ತದೆ. ಹಾಗಾಗಿ ಪ್ರತಿ ಪ್ರವೇಶಿಕೆಯ ತುದಿಯಲ್ಲಿ ಆ ವಿಷಯಕ್ಕೆ ಇರುವ ಎಲ್ಲ ಹೆಸರು, ಎಲ್ಲ ಕಾಗುಣಿತಗಳನ್ನು ಒಂದು ಸಾಲಿನಲ್ಲಿ ಸುರಿದಿಡುತ್ತೇನೆ. ವಾಣಿವಿಲಾಸ ಸಾಗರದ ಪುಟದ ತುದಿಯಲ್ಲಿ ಮಾರಿಕಣಿವೆ, ವಿವಿ ಸಾಗರ, ವೇದಾವತಿ, ಹಿರಿಯೂರು ಎಂದಿದೆ. ನೋಡಲು ಅಂದವಿಲ್ಲ, ಕೆಲಸಕ್ಕೆ ಬರುತ್ತದೆ.

ಆ ವಾಣಿವಿಲಾಸ ಸಾಗರವೇ ನನಗೆ ದಿನಾಂಕದ ಪಾಠ ಕಲಿಸಿದ್ದು. 2019ರಲ್ಲಿ ಬರೆದ ಪುಟದಲ್ಲಿ, 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟು ‘1933ರಲ್ಲಿ ಒಮ್ಮೆ ಮಾತ್ರ ತುಂಬಿದೆ, ಮತ್ತೆ ತುಂಬಿಲ್ಲ’ ಎಂದು ಘಂಟಾಘೋಷವಾಗಿ ಬರೆದಿದ್ದೆ. ಕೋಡಿ ಬೀಳುವುದನ್ನು ತಮ್ಮ ಜೀವಮಾನದಲ್ಲಿ ನೋಡದ ಮೂರು ತಲೆಮಾರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆದ್ದರಿಂದ ಆ ವಾಕ್ಯ ನನಗೆ ಬಂಡೆಯಷ್ಟು ಗಟ್ಟಿ ಎನ್ನಿಸಿತ್ತು. 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ, ನೀರು ಕೋಡಿ ಬಿದ್ದು ಹರಿಯಿತು. ಜನ ಬಸ್ಸು, ಟ್ರ್ಯಾಕ್ಟರ್ ಹತ್ತಿ ನೋಡಲು ಹೋದರು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ನನ್ನ ಪುಟ ಎರಡು ಸಲ ಸುಳ್ಳಾಯಿತು. ಅಲ್ಲಿಂದ ಈಚೆಗೆ ಪ್ರತಿ ಪುಟದ ತಲೆಯ ಮೇಲೆ ಬರೆದ ದಿನವನ್ನು ಹಾಕುತ್ತೇನೆ, ಬದಲಾಗಬಹುದಾದ ಅಂಕಿಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಮೊಬೈಲ್‌ನಲ್ಲಾದರೆ ಅವುಗಳ ಮುಂದೆ ಒಂದು ನಕ್ಷತ್ರ. ಒಂದು ಟಿಎಂಸಿಗೆ 11,574 ಎಂಬುದಕ್ಕೆ ನಕ್ಷತ್ರ ಬೇಡ. ಜಲಾಶಯದ ಸಾಮರ್ಥ್ಯಕ್ಕೂ ಬೇಡ ಎಂದುಕೊಂಡಿದ್ದೆ.

ಮುಂದಿನ ತಿಂಗಳು ಹುಡುಗ ಮತ್ತೆ ಬಂದ. ನಾನು ಕೊಟ್ಟಿದ್ದ ಪುಟದ ನಕಲನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ, ಮಡಿಕೆಗಳು ಹರಿದಿದ್ದವು. ಆ ದಿನದ ಪಟ್ಟಿ ತೆಗೆದು, ಒಳಹರಿವಿನ ಅಂಕಿಯನ್ನು ಹನ್ನೊಂದೂವರೆ ಸಾವಿರದಿಂದ ಭಾಗಿಸಿ, ಭದ್ರಾಕ್ಕೆ ನಾಳೆಗೆ ಎಷ್ಟು ಸೇರುತ್ತದೆ ಎಂದು ಬಾಯಲ್ಲೇ ಹೇಳಿದ. ಆಮೇಲೆ ಕೇಳಿದ: ‘ಮಾವ, ನಿಮ್ಮ ಲಾಳಿಕೆಯ ತಳದಲ್ಲಿ ಮಣ್ಣು ಕೂತರೆ? ಅಡಿ ಅಷ್ಟೇ ತೋರಿಸುತ್ತದೆ, ನೀರು ಮಾತ್ರ ಕಡಿಮೆ ಇರುತ್ತದೆ ಅಲ್ಲವೇ?’

ಅವನ ಊರಿನ ಪಕ್ಕದಲ್ಲೇ ಹರಿಯುವ ತುಂಗಭದ್ರೆಯ ಜಲಾಶಯದಲ್ಲಿ ಆಗಿರುವುದು ಅದೇ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಅದು ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಪೂರ್ಣ ಮಟ್ಟ ಅಂದೂ 1,633 ಅಡಿ, ಇಂದೂ 1,633 ಅಡಿ. ನಾನು ನನ್ನ ಪುಟ ತೆರೆದು, 71.5ರ ಮುಂದೆ, 30ರ ಮುಂದೆ ನಕ್ಷತ್ರ ಹಾಕಿದೆ. ಕೆಳಗೆ ‘ಮುಂದೆ ನೋಡು’ ಸಾಲಿಗೆ ‘ಹೂಳು’ ಎಂದು ಸೇರಿಸಿ, ಆ ಪುಟವನ್ನು ನೀನೇ ಬರೆ ಎಂದು ಪೆನ್ನನ್ನು ಅವನ ಕೈಗೆ ಕೊಟ್ಟೆ.